ಆರು ಹಾಡಿನ ಒಂದು ಕ್ಯಾಸೆಟ್: ಊಮು ಸಂಗಾರೆಯವರ ‘ಮುಸೊಲು’

1989ರಲ್ಲಿ ಮಾಲಿ ದೇಶದ 21 ವರ್ಷದ ಗಾಯಕಿಯೊಬ್ಬರು ಪಕ್ಕದ ಐವರಿ ಕೋಸ್ಟ್‌ನ ಅಬಿಜಾನ್‌ಗೆ ಹೋಗಿ ಆರು ಹಾಡು ರೆಕಾರ್ಡ್ ಮಾಡಿಸಿದರು. ಹೆಸರು ಊಮು ಸಂಗಾರೆ. ಕ್ಯಾಸೆಟ್‌ನ ಹೆಸರು ‘ಮುಸೊಲು’, ಅಂದರೆ ಹೆಂಗಸರು. ಪಶ್ಚಿಮ ಆಫ್ರಿಕಾದಲ್ಲಿ ಅದು 2 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು ಅನ್ನುತ್ತಾರೆ. ಇದು ಅಸಲಿ ಕ್ಯಾಸೆಟ್ ಕೊಂಡವರ ಲೆಕ್ಕ. ಆಗ ಅಲ್ಲಿನ ಮಾರುಕಟ್ಟೆಯಲ್ಲಿ ನಕಲಿ ಕ್ಯಾಸೆಟ್‌ಗಳ ಹಾವಳಿ ಎಷ್ಟಿತ್ತೆಂದರೆ, ನಿಜವಾಗಿ ಎಷ್ಟು ಮನೆಗಳಲ್ಲಿ ಈ ಹಾಡು ಕೇಳಿಸಿತು ಎಂದು ಲೆಕ್ಕ ಹಾಕುವುದೇ ಕಷ್ಟ.

ಊಮು ಬಗ್ಗೆ ಯಾರೇ ಬರೆಯಲಿ, ಒಂದು ವಾಕ್ಯ ಬಂದೇ ಬರುತ್ತದೆ: ಸಾಂಪ್ರದಾಯಿಕ ಸಂಗೀತವನ್ನು ಆಧುನಿಕ ಶೈಲಿಯ ಜೊತೆ ಬೆರೆಸಿದ ಗಾಯಕಿ. ಕೇಳಲು ಚೆನ್ನಾಗಿದೆ. ಆದರೆ ‘ಮುಸೊಲು’ ಹಾಕಿಕೊಂಡು ಕೂತರೆ ಈ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಅಲ್ಲಿ ಹಳೆಯದು ಅಂತ ನಾವು ಅಂದುಕೊಳ್ಳುವ ವಾದ್ಯಕ್ಕೆ ಆಗ ಇನ್ನೂ ಮೂವತ್ತು ವರ್ಷದ ಆಸುಪಾಸು ವಯಸ್ಸು. ಹೊಸದು ಅಂತ ಕಾಣುವ ಪಿಟೀಲು ಮಾಡುತ್ತಿರುವುದು ತುಂಬಾ ಹಳೆಯ ಕೆಲಸ. ಹಾಗಾದರೆ ಹೊಸದು ಎಲ್ಲಿತ್ತು? ಈ ಪ್ರಕರಣದಲ್ಲಿ ನನಗೆ ಕುತೂಹಲ ಇರುವುದು ಇಷ್ಟೇ ವಿಷಯದ ಬಗ್ಗೆ.

ಹಾಡುವ ಹಕ್ಕು ಯಾರದು

ಮಾಲಿಯ ಸಂಗೀತ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಕೋರಾ ಎಂಬ ತಂತಿವಾದ್ಯ, ಜೆಲಿ ಮನೆತನಗಳು. ಜೆಲಿ ಅಂದರೆ ಹುಟ್ಟಿನಿಂದ ಬರುವ ಕಸುಬು. ಅರಸರ, ಸಾಹುಕಾರರ ವಂಶಾವಳಿ ನೆನಪಿಟ್ಟುಕೊಂಡು ಹೊಗಳಿ ಹಾಡುವುದು, ಅದಕ್ಕೆ ಪ್ರತಿಫಲ ಪಡೆಯುವುದು. ಕುಯಾತೆ, ಜಬಾತೆ ಎಂಬ ಮನೆತನದ ಹೆಸರು ಕೇಳಿದರೆ ಸಾಕು, ಇವರು ಜೆಲಿಗಳು ಅಂತ ಅಲ್ಲಿನವರಿಗೆ ಗೊತ್ತಾಗುತ್ತದೆ. 1980ರ ದಶಕದಲ್ಲಿ ರಾಜಧಾನಿ ಬಮಾಕೊದ ದೊಡ್ಡ ತಾರೆಯರೆಲ್ಲ ಬಹುಮಟ್ಟಿಗೆ ಜೆಲಿ ಹೆಣ್ಣುಮಕ್ಕಳೇ. ಕಾಂದಿಯಾ ಕುಯಾತೆ, ಅಮಿ ಕೊಯ್ತಾ ಅಂಥವರ ಕಂಠಕ್ಕೆ ಮನಸೋತ ಧಣಿಗಳು ಚಿನ್ನ, ಕಾರು ಎಲ್ಲ ಉಡುಗೊರೆ ಕೊಡುತ್ತಿದ್ದರು. ಜೆಲಿ ಅಲ್ಲದವರು ಹಾಡಲು ಹೊರಟರೆ ಮನೆಯಲ್ಲಿ ರಾದ್ಧಾಂತವೇ ಆಗುತ್ತಿತ್ತು. ಸಲೀಫ್ ಕೀತಾ ರಾಜವಂಶದ ಹೆಸರು ಹೊತ್ತವರು. ಅವರು ಹಾಡುಗಾರರಾದದ್ದೇ ಒಂದು ದೊಡ್ಡ ಬಂಡಾಯ.

ದಕ್ಷಿಣ ಮಾಲಿಯ ವಾಸುಲು ಸೀಮೆಯಲ್ಲಿ ಮಾತ್ರ ಈ ಕಟ್ಟುಪಾಡು ಇಷ್ಟು ಬಿಗಿಯಾಗಿರಲಿಲ್ಲ. ಗಿನಿ ಮತ್ತು ಐವರಿ ಕೋಸ್ಟ್ ಗಡಿಗೆ ಅಂಟಿಕೊಂಡಿರುವ ಹಸಿರು ಪ್ರದೇಶ ಅದು. ಬೇಸಾಯ, ಬೇಟೆ ಅಲ್ಲಿನ ಜೀವನ. ಅಲ್ಲಿ ಹಾಡುವವರನ್ನು ‘ಕೊನೊ’ ಅನ್ನುತ್ತಾರೆ, ಅಂದರೆ ಹಕ್ಕಿ. ಹಕ್ಕಿಗೆ ಹಾಡು ಬರುವುದು ಅಪ್ಪನ ಆಸ್ತಿಯಾಗಿ ಅಲ್ಲ, ಗಂಟಲಿದ್ದರೆ ಹಾಡಬಹುದು. ಧಣಿಯನ್ನು ಹೊಗಳಲೇಬೇಕು ಅನ್ನುವ ಹಂಗೂ ಇಲ್ಲ. ಬದುಕು, ಸಾವು, ಒಂಟಿತನ, ನೆರೆಹೊರೆಯವರ ಹೊಟ್ಟೆಕಿಚ್ಚು, ಏನು ಬೇಕಾದರೂ ಹಾಡಬಹುದು. ಊಮು ತಂದೆತಾಯಿ ಇಬ್ಬರೂ ಈ ಸೀಮೆಯಿಂದ ಬಮಾಕೊಗೆ ಬಂದವರು. ಆಮೇಲೆ ಊಮು ಹೇಳಿದ್ದನ್ನೆಲ್ಲ ಹೇಳಲು ಸಾಧ್ಯವಾದದ್ದು ಈ ಸಲುಗೆಯಿಂದ ಎಂಬುದು ನನ್ನ ಅಭಿಪ್ರಾಯ. ಜೆಲಿ ಮನೆತನದಲ್ಲಿ ಹುಟ್ಟಿ, ನಾಲ್ಕು ಹೆಂಡಿರ ಸಾಹುಕಾರನ ಎದುರು ನಿಂತು ಬಹುಪತ್ನಿತ್ವ ತಪ್ಪು ಅಂತ ಹಾಡುವುದು ಸಾಧ್ಯವಿತ್ತಾ? ಅವತ್ತಿನ ಊಟಕ್ಕೇ ಸಂಚಕಾರ ಬರುತ್ತಿತ್ತು.

ತಿಗಣೆಯ ವಾದ್ಯ

ವಾಸುಲು ಸಂಗೀತದ ಜೀವಾಳ ಕಮಲೆ ನ್ಗೋನಿ. ದೊಡ್ಡ ಸೋರೆಬುರುಡೆ, ಅದರ ಬಾಯಿಗೆ ಬಿಗಿದ ಚರ್ಮ, ಉದ್ದನೆಯ ಕೋಲು, ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ತಂತಿ. ಐದು ಸ್ವರದ ಶ್ರುತಿ. ನಮ್ಮ ಮೋಹನ, ಹಿಂದೋಳ ಕೇಳಿ ಬೆಳೆದ ಕಿವಿಗೆ ಐದೇ ಸ್ವರದಲ್ಲಿ ಎಷ್ಟು ಓಡಾಡಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೆಲಿಗಳ ಕೋರಾ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಬಾಲಫೋನ್, ಇವುಗಳ ಸಂಗೀತ ಏಳು ಸ್ವರದ್ದು. ಹಾಗಾಗಿ ಎರಡು ನಿಮಿಷ ಕೇಳಿದರೆ ಸಾಕು, ಇದು ವಾಸುಲು, ಅದು ಜೆಲಿ ಅಂತ ಬೇರೆ ಮಾಡಿ ಗುರುತಿಸಬಹುದು.

ಈ ವಾದ್ಯದ ಹಿರಿಯಣ್ಣ ದೊನ್ಸೊ ನ್ಗೋನಿ, ಬೇಟೆಗಾರರ ವಾದ್ಯ. ಬೇಟೆಗಾರರು ಅಲ್ಲಿ ಬರೀ ಪ್ರಾಣಿ ಹೊಡೆಯುವವರಲ್ಲ. ಊರು ಕಾಯುವವರು, ಗಿಡಮೂಲಿಕೆ ಬಲ್ಲವರು, ಮಂತ್ರಶಕ್ತಿ ಇದ್ದವರು ಅನ್ನುವ ನಂಬಿಕೆ ಇದೆ. ಅವರ ವಾದ್ಯವನ್ನು ಕಂಡಕಂಡಲ್ಲಿ ಕುಣಿತಕ್ಕೆ ನುಡಿಸುವಂತಿಲ್ಲ. ಸುಮಾರು 1950ರ ದಶಕದ ಕೊನೆಯ ಹೊತ್ತಿಗೆ ವಾಸುಲು ಹುಡುಗರು ಇದಕ್ಕೊಂದು ಉಪಾಯ ಹುಡುಕಿದರು. ಅದೇ ಆಕಾರದ ಸ್ವಲ್ಪ ಚಿಕ್ಕ ವಾದ್ಯ ಮಾಡಿ, ಶ್ರುತಿ ಏರಿಸಿದರು. ಮಂತ್ರ ತಂತ್ರದ ಗೊಡವೆ ಇಲ್ಲ, ಬೆಳದಿಂಗಳಲ್ಲಿ ಹುಡುಗ ಹುಡುಗಿಯರ ಕುಣಿತಕ್ಕೆ ಸಾಕು. ಕಮಲೆ ನ್ಗೋನಿ ಅಂದರೇ ಹುಡುಗರ ನ್ಗೋನಿ. ಇದನ್ನು ಮೊದಲು ರೂಪಿಸಿದವರು ಅಂತ ಅಲಾತಾ ಬ್ರುಲಾಯ್ ಎಂಬುವರ ಹೆಸರು ಹೇಳುತ್ತಾರೆ.

ಹಿರಿಯರಿಗೆ ಇದು ಹಿಡಿಸಲಿಲ್ಲ. ಪವಿತ್ರ ವಾದ್ಯವನ್ನು ಹಾಳು ಮಾಡಿದರು, ಹುಡುಗಿಯರನ್ನು ಕೆಡಿಸಿದರು ಅಂತ ಗೊಣಗಿದರು. ಇದಕ್ಕೆ ‘ಸಮಕೊರೊ’ ಅಂತ ಇನ್ನೊಂದು ಹೆಸರೂ ಇತ್ತು. ಅಂದರೆ ತಿಗಣೆ. ಸದ್ದು ಕೇಳಿದರೆ ಹರೆಯದವರು ಹಾಸಿಗೆಯಲ್ಲಿ ಮಲಗಲಾರರು, ಎದ್ದು ಓಡುತ್ತಾರೆ ಅಂತ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾವ ಸಂಗೀತ ವಿಮರ್ಶಕರೂ ಬರೆದಿಲ್ಲ ಅನಿಸುತ್ತದೆ.

ಅಂದರೆ ಊಮು ಕೈಗೆ ಬಂದ ‘ಸಂಪ್ರದಾಯ’ ಇದು: ಹಿಂದಿನ ತಲೆಮಾರಿನ ಹುಡುಗರು ಅಪ್ಪಂದಿರ ಮಾತು ಮೀರಿ ಮಾಡಿಕೊಂಡ ಒಂದು ಫ್ಯಾಷನ್. ಆ ಹೊತ್ತಿಗೆ ಕೂಂಬಾ ಸಿದಿಬೆ, ಸಲಿ ಸಿದಿಬೆ ಅಂಥ ಗಾಯಕಿಯರು ಈ ಸಂಗೀತವನ್ನು ಬಮಾಕೊಗೆ ತಂದು ಹೆಸರು ಮಾಡಿದ್ದರು. ದಾರಿ ಬಿದ್ದಿತ್ತು. ಊಮು ಮೊದಲಿಗರಲ್ಲ. ಇದನ್ನು ಮರೆತು ಎಲ್ಲವನ್ನೂ ಒಬ್ಬರ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ನೀರು ಮಾರುತ್ತಿದ್ದ ಹುಡುಗಿ

ಊಮು ಹುಟ್ಟಿದ್ದು 1968ರ ಫೆಬ್ರವರಿ 25ರಂದು, ಬಮಾಕೊದಲ್ಲಿ. ಎರಡು ವರ್ಷದ ಮಗುವಿದ್ದಾಗ ಅಪ್ಪ ಇನ್ನೊಬ್ಬ ಹೆಂಡತಿಯ ಜೊತೆ ಐವರಿ ಕೋಸ್ಟ್‌ಗೆ ಹೊರಟುಹೋದರು. ಅಮ್ಮ ಅಮಿನಾತಾ ಜಕಿತೆ ಮಕ್ಕಳೊಂದಿಗೆ ಉಳಿದರು. ಅವರೂ ಹಾಡುಗಾರ್ತಿಯೇ. ಮನೆ ನಡೆಯಬೇಕಲ್ಲ. ಊಮು ಬೀದಿಯಲ್ಲಿ ಪ್ಲಾಸ್ಟಿಕ್ ಚೀಲದ ನೀರು ಮಾರಿದರು. ‘ಸುಮು’ಗಳಲ್ಲಿ ಹಾಡಿದರು. ಸುಮು ಅಂದರೆ ಮದುವೆ, ನಾಮಕರಣದ ಸಮಯದಲ್ಲಿ ಬೀದಿಗೆ ಶಾಮಿಯಾನ ಹಾಕಿ ಹೆಂಗಸರು ನಡೆಸುವ ಹಾಡು ಕುಣಿತದ ಕೂಟ. ಬಂದವರು ಹಾಡುವವರ ಕೈಗೆ ನೋಟು ತುರುಕುತ್ತಾರೆ. ಇಲ್ಲಿ ಮೈಕ್ ಕೆಟ್ಟರೂ ಹಾಡು ನಿಲ್ಲಿಸುವಂತಿಲ್ಲ, ಎದುರಿಗೆ ಕೂತ ಹೆಂಗಸರ ಮುಖ ನೋಡಿ ಮಾತು ಕಟ್ಟಬೇಕು. ಊಮು ಹಾಡುಗಳಲ್ಲಿ ಯಾರೋ ಎದುರಿಗಿದ್ದಾರೆ, ಅವರಿಗೆ ನೇರವಾಗಿ ಹೇಳುತ್ತಿದ್ದಾರೆ ಅನ್ನುವ ಧಾಟಿ ಬಂದದ್ದು ಇಲ್ಲಿಂದಲೇ ಇರಬೇಕು.

ಇನ್ನೂ ಶಿಶುವಿಹಾರಕ್ಕೆ ಹೋಗುವ ವಯಸ್ಸಿನಲ್ಲೇ ಒಂದು ಹಾಡಿನ ಸ್ಪರ್ಧೆ ಗೆದ್ದು ಬಮಾಕೊದ ದೊಡ್ಡ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ನಿಂತಿದ್ದರಂತೆ. ಅಡುಗೆಮನೆಯಲ್ಲಿ ಹಾಡುವ ಹಾಗೇ ಹಾಡು ಅಂತ ಅಮ್ಮ ಧೈರ್ಯ ಹೇಳಿದ್ದನ್ನು ಊಮು ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. 1986ರಲ್ಲಿ ಜೋಲಿಬಾ ಪರ್ಕಷನ್ ಎಂಬ ತಂಡದ ಜೊತೆ ಯುರೋಪಿಗೆ ಹೋಗಿ ಬಂದರು. ವಾಪಸ್ ಬಂದ ಮೇಲೆ ಬೇರೆಯವರ ತಂಡದಲ್ಲಿ ಇರುವುದು ಸಾಕು ಅನಿಸಿತು. ತಮ್ಮದೇ ತಂಡ ಕಟ್ಟಿದರು. ಜೊತೆಗೆ ಸಿಕ್ಕಿದವರು ಅಮಾದು ಬಾ ಗಿಂದೊ, ಮಾಲಿಯ ಸಂಗೀತ ವಲಯದಲ್ಲಿ ಆಗಲೇ ಹೆಸರಿದ್ದ ಸಂಗೀತಗಾರರು.

ಅಬಿಜಾನ್‌ನಲ್ಲಿ ಏನು ನಡೆಯಿತು

ಆಗ ಆ ಭಾಗದವರೆಲ್ಲ ಒಳ್ಳೆಯ ರೆಕಾರ್ಡಿಂಗ್ ಬೇಕೆಂದರೆ ಹೋಗುತ್ತಿದ್ದದ್ದು ಅಬಿಜಾನ್‌ಗೆ. ಜೆಬಿಝೆಡ್ ಸ್ಟುಡಿಯೋ ಅಲ್ಲಿತ್ತು. ದುಡ್ಡಿದ್ದವರು ಪ್ಯಾರಿಸ್‌ಗೆ ಹೋಗುತ್ತಿದ್ದರು.

ಆ ಕಾಲದ ಗಾಳಿ ಎತ್ತ ಬೀಸುತ್ತಿತ್ತು ನೋಡಿ. 1987ರಲ್ಲಿ ಸಲೀಫ್ ಕೀತಾ ಪ್ಯಾರಿಸ್‌ನಲ್ಲಿ ‘ಸೊರೊ’ ಆಲ್ಬಂ ಮಾಡಿದ್ದರು. ಸಿಂಥಸೈಜರ್, ಹಿತ್ತಾಳೆ ತುತ್ತೂರಿಗಳು, ದೊಡ್ಡ ದೊಡ್ಡ ಏರ್ಪಾಡು. ಅದೇ ವರ್ಷ ಗಿನಿಯ ಮೋರಿ ಕಾಂತೆ ‘ಯೇಕೆ ಯೇಕೆ’ ಹಾಡಿನಲ್ಲಿ ಕೋರಾವನ್ನು ಡಿಸ್ಕೋ ನೆಲಕ್ಕೆ ಇಳಿಸಿ ಯುರೋಪನ್ನೇ ಕುಣಿಸಿದ್ದರು. ಗೆಲ್ಲುವ ದಾರಿ ಯಾವುದು ಅಂತ ಎಲ್ಲರಿಗೂ ಕಣ್ಣೆದುರೇ ಇತ್ತು. ಯಂತ್ರದ ತಾಳ ಹಾಕು, ಕೀಬೋರ್ಡ್ ತುಂಬು.

ಊಮು ಮತ್ತು ಗಿಂದೊ ಆ ದಾರಿ ಹಿಡಿಯಲಿಲ್ಲ. ‘ಮುಸೊಲು’ವಿನಲ್ಲಿ ಕಮಲೆ ನ್ಗೋನಿಯೇ ಮುಂದೆ. ಒಂದು ಚಿಕ್ಕ ಸ್ವರಗುಚ್ಛ ಹಿಡಿದು ಹಾಡಿನುದ್ದಕ್ಕೂ ಸುತ್ತುತ್ತಲೇ ಇರುತ್ತದೆ. ಬೇಸ್ ಗಿಟಾರ್ ಅದರ ನೆರಳಿನ ಹಾಗೆ ಕೆಳಗೆ ನಡೆಯುತ್ತದೆ, ತನ್ನದೇ ದಾರಿ ಹಿಡಿಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಇದೆ, ಆದರೆ ಅದೂ ತಂತಿ ಮೀಟುವ ವಾದ್ಯದ ಗುಣದಲ್ಲೇ ಮಾತಾಡುತ್ತದೆ. ಕಬ್ಬಿಣದ ಕೊಳವೆಯನ್ನು ಕಡ್ಡಿಯಿಂದ ಉಜ್ಜುವ ಕರಿಞ್ಞಾನ್ ಕಿರಿಕಿರಿ ಅಂತ ತಾಳ ಹಿಡಿಯುತ್ತದೆ. ವಾಸುಲುವಿನ ಹೆಂಗಸರು ಇದನ್ನು ಮೊದಲಿನಿಂದ ನುಡಿಸುತ್ತಾ ಬಂದಿದ್ದಾರೆ. ಊಮು ಒಂದು ಸಾಲು ಹೇಳಿದರೆ ಹಿಂದಿನ ಹೆಂಗಸರ ಗುಂಪು ಉತ್ತರ ಕೊಡುತ್ತದೆ.

ಇನ್ನು ಪಿಟೀಲು. ಇದೊಂದು ಜಾಣತನದ ಆಯ್ಕೆ. ಮಾಲಿಯಲ್ಲಿ ‘ಸೊಕು’ ಅಂತ ಒಂಟಿ ತಂತಿಯ, ಕುದುರೆ ಕೂದಲಿನ ಹಳ್ಳಿ ಪಿಟೀಲು ಇದೆ. ಅದರ ದನಿ ಒರಟು, ಸ್ವಲ್ಪ ಗೊಗ್ಗರು. ಗಿಂದೊ ಸೊಕು ಇರಬೇಕಾದ ಜಾಗಕ್ಕೆ ಯುರೋಪಿನ ಪಿಟೀಲು ತಂದರು. ಆದರೆ ನುಡಿಸಿದ್ದು ಸೊಕುವಿನ ಪಾತ್ರವನ್ನೇ. ಸಿಂಫನಿಯ ಹಾಗೆ ಹಿನ್ನೆಲೆಗೆ ರೇಷ್ಮೆ ಹಾಸುವ ಕೆಲಸ ಅಲ್ಲ. ಹಾಡಿನ ಸಾಲು ಮುಗಿದ ಕಡೆ ಬಂದು ಅದನ್ನೇ ಎತ್ತಿಕೊಂಡು, ಒಂದು ಸುತ್ತು ಹಾಕಿ ಬಿಡುವ ಕೆಲಸ. ವಾದ್ಯ ಪರದೇಶದ್ದು, ಕೆಲಸ ಊರಿನದು. ಬೆರಕೆ ಅನ್ನುವುದಾದರೆ ಈ ಕ್ಯಾಸೆಟ್‌ನಲ್ಲಿ ಸಿಗುವ ಅತಿ ನಯವಾದ ಬೆರಕೆ ಇದು.

ಹೀಗೆ ನೋಡಿದರೆ ‘ಸೊರೊ’ ಪಕ್ಕದಲ್ಲಿ ‘ಮುಸೊಲು’ ತುಂಬಾ ಬರಿದಾಗಿ ಕೇಳಿಸುತ್ತದೆ. ‘ಸೊರೊ’ ಕೆಟ್ಟದ್ದು ಅಂತಲ್ಲ. ಸಲೀಫ್ ಕಂಠಕ್ಕೆ ಆ ಗಾತ್ರ ಒಪ್ಪುತ್ತದೆ. ಆದರೆ ಅದರ ಸಿಂಥಸೈಜರ್ ಸದ್ದು ಕೇಳಿದ ತಕ್ಷಣ 1987 ಅಂತ ಇಸವಿ ಹೇಳಿಬಿಡಬಹುದು. ‘ಮುಸೊಲು’ಗೆ ಹಾಗೆ ಇಸವಿ ಹಚ್ಚುವುದು ಸುಲಭವಲ್ಲ.

ಮಾತು ಸುಟ್ಟದ್ದು ಎಲ್ಲಿ

ಸದ್ದಿನಲ್ಲಿ ಇಷ್ಟು ಹಿಡಿತ ಇಟ್ಟುಕೊಂಡವರು ಮಾತಿನಲ್ಲಿ ಯಾವ ಮುಲಾಜೂ ಇಟ್ಟುಕೊಳ್ಳಲಿಲ್ಲ. ಕ್ಯಾಸೆಟ್‌ನಲ್ಲಿ ಜನರ ಬಾಯಿಗೆ ಬಿದ್ದದ್ದು ‘ಜಾರಬಿ ನೆನೆ’. ಪ್ರೀತಿ ಹುಟ್ಟಿಸುವ ನಡುಕದ ಹಾಡು. ಹುಡುಗಿಯೊಬ್ಬಳು ತನ್ನ ಮೈಯಲ್ಲಿ ಎದ್ದ ಆಸೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತಾಳೆ. ಮದುವೆ ಅಂದರೆ ಎರಡು ಮನೆಯ ಹಿರಿಯರು ಕೂತು ಮಾತಾಡಿ ಮುಗಿಸುವ ವ್ಯವಹಾರ, ಹುಡುಗಿಗೆ ಆಸೆ ಎಂಬುದೊಂದು ಇರುತ್ತದೆ ಅಂತಲೇ ಯಾರೂ ಒಪ್ಪದ ಸಮಾಜ. ಅಂಥ ಕಡೆ 21ರ ಹೆಣ್ಣು ಇದನ್ನು ಹಾಡಿದರೆ ಹೇಗಿರಬೇಡ? ಹಿರಿಯರು ಕೆಂಡವಾದರು. ಹರೆಯದವರು ಕೊಂಡುಕೊಂಡರು. ಮೂವತ್ತು ವರ್ಷ ಹಿಂದೆ ತಿಗಣೆ ವಾದ್ಯಕ್ಕೆ ಆದದ್ದೇ ಮತ್ತೆ ಆಯಿತು, ಈ ಸಲ ಮಾತಿಗೆ.

ಶೀರ್ಷಿಕೆಯ ಹಾಡು ಹೆಂಗಸರನ್ನೇ ಕರೆದು ಮಾತಾಡಿಸುತ್ತದೆ. ‘ವುಲಾ ಬಾರಾ ಜಞ್ಞ’ದಲ್ಲಿ ಊರು ಬಿಟ್ಟು ದೂರದಲ್ಲಿ ದುಡಿಯುವವರ ಒಂಟಿತನವಿದೆ. ಅಪ್ಪ ದೂರ ಹೋದ ಮನೆಯ ಮಗಳು ಇದನ್ನು ಹಾಡುವಾಗ ದನಿಯಲ್ಲಿ ಸಿಟ್ಟಿಗಿಂತ ಮರುಕವೇ ಜಾಸ್ತಿ ಇದೆ ಅನ್ನುವುದು ನನಗೆ ಆಶ್ಚರ್ಯ. ಸಿಟ್ಟು ಮುಂದಿನ ಆಲ್ಬಂಗಳಲ್ಲಿ ಬರುತ್ತದೆ. 1993ರ ‘ಕೊ ಸಿರಾ’, 1996ರ ‘ವೊರೊತಾನ್’ ಎರಡರಲ್ಲೂ ಮದುವೆಯೇ ವಿಷಯ. ವೊರೊತಾನ್ ಅಂದರೆ ಹತ್ತು ಕೋಲಾ ಕಾಯಿ, ಹೆಣ್ಣಿಗೆ ಕೊಡುವ ತೆರ. ಹತ್ತು ಕಾಯಿ ಕೊಟ್ಟು ಒಬ್ಬಳನ್ನು ಮನೆಗೆ ತಂದು ಆಳಾಗಿ ಮಾಡಿಕೊಳ್ಳುತ್ತೀರಲ್ಲ ಎಂಬ ಪ್ರಶ್ನೆ ಆ ಹೆಸರಿನಲ್ಲೇ ಇದೆ.

ಹೊತ್ತು ಕೂಡ ಕೂಡಿಬಂದಿತ್ತು. 1968ರಿಂದ ಆಳುತ್ತಿದ್ದ ಮೂಸಾ ತ್ರಾವೊರೆಯ ಸೇನಾ ಸರ್ಕಾರ ಕೊನೆಯುಸಿರು ಎಳೆಯುತ್ತಿತ್ತು. ಬೀದಿಗಿಳಿದ ವಿದ್ಯಾರ್ಥಿಗಳು, ಹೆಂಗಸರ ಮೇಲೆ ಗುಂಡು ಹಾರಿದ ಮೇಲೆ 1991ರ ಮಾರ್ಚ್ 26ರಂದು ಅವನು ಉರುಳಿದ. ಅಧಿಕಾರದಲ್ಲಿದ್ದವರನ್ನು ಹೊಗಳುವ ಹಾಡು ಕೇಳಿ ಕೇಳಿ ಸುಸ್ತಾಗಿದ್ದ ಊರಿಗೆ, ಯಾರನ್ನೂ ಹೊಗಳದ ದನಿಯೊಂದು ಸಿಕ್ಕಿತ್ತು.

ಅದೇ 1991ರಲ್ಲಿ ಲಂಡನ್‌ನ ವರ್ಲ್ಡ್ ಸರ್ಕಿಟ್ ಕಂಪನಿ ಇದನ್ನು ಯುರೋಪಿನಲ್ಲಿ ಹೊರತಂದಿತು. ಊಮು ಬಗ್ಗೆ ಕಂಪನಿಯ ನಿಕ್ ಗೋಲ್ಡ್ ಅವರಿಗೆ ಹೇಳಿದವರು ಮಾಲಿಯದೇ ಹೆಸರಾಂತ ಗಿಟಾರ್ ವಾದಕ ಅಲಿ ಫರ್ಕಾ ತೂರೆ. ಗಮನಿಸಬೇಕಾದ್ದೇನೆಂದರೆ, ಕಂಪನಿಯವರು ಹಾಡುಗಳನ್ನು ವಿದೇಶಿ ಕಿವಿಗೆ ಅಂತ ಮತ್ತೆ ಮಾಡಿಸಲಿಲ್ಲ. ಬಮಾಕೊ ಹೆಂಗಸರು ಕೇಳಿದ್ದನ್ನೇ ಲಂಡನ್ನಿನವರೂ ಕೇಳಿದರು.

ಹಾಡು ಬದಲಿಸಿದ್ದು ಎಷ್ಟು

ಇಲ್ಲಿ ಸ್ವಲ್ಪ ಕಹಿ ಮಾತು. ಊಮು ಹಾಡುಗಳು ಮಾಲಿಯ ಹೆಂಗಸರ ಬದುಕು ಬದಲಿಸಿದವು ಅಂತ ಬರೆಯುವುದು ಸುಲಭ. ಕಾನೂನಿನ ಪುಸ್ತಕ ಬೇರೆಯೇ ಹೇಳುತ್ತದೆ. 2009ರ ಆಗಸ್ಟ್‌ನಲ್ಲಿ ಮಾಲಿಯ ಸಂಸತ್ತು ಹೊಸ ಕುಟುಂಬ ಸಂಹಿತೆ ಪಾಸು ಮಾಡಿತು. ಹೆಂಡತಿ ಗಂಡನ ಮಾತಿಗೆ ವಿಧೇಯಳಾಗಿರಬೇಕು ಎಂಬ ಹಳೆಯ ಸಾಲು ಅದರಲ್ಲಿ ಇರಲಿಲ್ಲ. ಹುಡುಗಿಯರ ಮದುವೆಯ ವಯಸ್ಸು 18 ಅಂತಿತ್ತು. ಬಮಾಕೊದ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಜನ ಸೇರಿ ಪ್ರತಿಭಟಿಸಿದರು. ವಿರೋಧಿಸಿದವರಲ್ಲಿ ಹೆಂಗಸರೂ ಇದ್ದರು. ಅಧ್ಯಕ್ಷರು ಸಹಿ ಹಾಕದೆ ಮಸೂದೆಯನ್ನು ವಾಪಸ್ ಕಳಿಸಿದರು. 2011ರಲ್ಲಿ ಬಂದ ತಿದ್ದುಪಡಿಯಲ್ಲಿ ವಿಧೇಯತೆಯ ಸಾಲು ಮತ್ತೆ ಸೇರಿತು, ಹುಡುಗಿಯರ ವಯಸ್ಸು 16ಕ್ಕೆ ಇಳಿಯಿತು. ಬಹುಪತ್ನಿತ್ವವನ್ನಂತೂ ಯಾವ ಕರಡೂ ಮುಟ್ಟಿರಲಿಲ್ಲ. ‘ಮುಸೊಲು’ ಬಂದು ಇಪ್ಪತ್ತು ವರ್ಷ ಕಳೆದಿತ್ತು.

ಹಾಡಿನ ಸೋಲು ಅಂತ ಇದನ್ನು ನಾನು ಓದುವುದಿಲ್ಲ. ಒಂದೇ ಮನೆಯಲ್ಲಿ ಅದೇ ಕ್ಯಾಸೆಟ್‌ಗೆ ಕುಣಿದವರೇ ಆ ಪ್ರತಿಭಟನೆಗೂ ಹೋಗಿರಬಹುದು. ಜನ ಹಾಡನ್ನು ಒಂದು ಕಡೆ, ಮನೆಯ ಕಟ್ಟಳೆಯನ್ನು ಇನ್ನೊಂದು ಕಡೆ ಇಟ್ಟುಕೊಂಡು ನೆಮ್ಮದಿಯಾಗಿ ಬದುಕಬಲ್ಲರು. ನಾವೇನು ಕಮ್ಮಿ ಇಲ್ಲ.

ಒಬ್ಬ ಹೆಣ್ಣಿನ ಬದುಕು ಬದಲಾದದ್ದು ಮಾತ್ರ ಎಲ್ಲರಿಗೂ ಕಾಣುವಂತಿದೆ, ಅದು ಊಮು ಅವರದೇ. ಬಮಾಕೊದಲ್ಲಿ ‘ವಾಸುಲು’ ಹೋಟೆಲ್ ಕಟ್ಟಿದರು. ಚೀನಾದಿಂದ ತರಿಸಿದ ಕಾರುಗಳಿಗೆ ‘ಊಮ್ ಸಂಗ್’ ಅಂತ ತಮ್ಮ ಹೆಸರಿಟ್ಟು ಮಾರಿದರು. ಬೇಸಾಯಕ್ಕೂ ಇಳಿದರು. 2001ರಲ್ಲಿ ಯುನೆಸ್ಕೊದ ಸಂಗೀತ ಪ್ರಶಸ್ತಿ, 2003ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ರಾಯಭಾರಿ ಪಟ್ಟ ಬಂದವು. ಮಾಲಿಯ ಹುಡುಗಿಯರಿಗೆ ಹಾಡಿನ ಸಾಲುಗಳಷ್ಟೇ ಈ ಹೋಟೆಲ್ಲು, ಕಾರು ಕೂಡ ಏನನ್ನೋ ಹೇಳಿರಬೇಕು.

ಆಮೇಲಿನ ಬೆರಕೆಗಳು

ಮುಂದೆ ಊಮು ಬೆರಕೆಗೆ ಹೆದರಲಿಲ್ಲ. ‘ವೊರೊತಾನ್’ನಲ್ಲಿ ಹಿಂದೆ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿದ್ದ ಪೀ ವೀ ಎಲ್ಲಿಸ್ ಸ್ಯಾಕ್ಸೊಫೋನ್ ನುಡಿಸಿದ್ದಾರೆ. 2017ರ ‘ಮೊಗೊಯಾ’ವನ್ನು ಪ್ಯಾರಿಸ್‌ನ ನಿರ್ಮಾಪಕರ ತಂಡ ಸಿಂಥಸೈಜರ್ ಸೇರಿಸಿ ಮಾಡಿತು. ಅದರ ಒಂದು ಹಾಡಿಗೆ ನೈಜೀರಿಯಾದ ಟೋನಿ ಅಲೆನ್ ಡ್ರಮ್ಸ್ ಹಿಡಿದರು. 2019ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ತಮ್ಮ ‘ಮೂಡ್ ಫೋರ್ ಎವಾ’ ಹಾಡಿಗೆ ‘ಜಾರಬಿ ನೆನೆ’ಯ ತುಣುಕು ಎತ್ತಿಕೊಂಡರು. ಮೂವತ್ತು ವರ್ಷ ಹಳೆಯ ರೆಕಾರ್ಡಿಂಗ್ ಹೊಸ ಹಾಡಿನ ಒಳಗೆ ಕೂತು ಮುಜುಗರಪಡದೆ ಹಾಡುತ್ತದೆ. ಇಸವಿಯ ಮುದ್ರೆ ಇಲ್ಲದ ಸದ್ದಿನ ಲಾಭ ಇದೇ ಅಲ್ವಾ?

ನನಗೆ ಹೆಚ್ಚು ಇಷ್ಟವಾದದ್ದು 2020ರದ್ದು. ‘ಮೊಗೊಯಾ’ದ ಹಾಡುಗಳನ್ನೇ ಊಮು ಮತ್ತೆ ಎತ್ತಿಕೊಂಡು, ಯಂತ್ರ ಎಲ್ಲ ಬದಿಗಿಟ್ಟು, ಬಹುಮಟ್ಟಿಗೆ ಕಮಲೆ ನ್ಗೋನಿ, ಗಿಟಾರ್, ಹಿಂದಿನ ದನಿ ಇವುಗಳ ಜೊತೆಗೇ ಹಾಡಿದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಬೇಕು. ಸಿಂಥಸೈಜರ್ ಇದ್ದಾಗ ಹಾಡು ಮುಂದಕ್ಕೆ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಅದನ್ನು ತೆಗೆದಾಗ ಊಮು ದನಿಗೂ ನ್ಗೋನಿಗೂ ನಡುವೆ ಎಷ್ಟು ಜಾಗವಿದೆ ಅಂತ ಗೊತ್ತಾಗುತ್ತದೆ. 1989ರಲ್ಲಿ ಅಬಿಜಾನ್‌ನಲ್ಲಿ ಗಿಂದೊ ಜೋಪಾನವಾಗಿ ಉಳಿಸಿದ್ದು ಆ ಜಾಗವನ್ನೇ.

ಈಗ ಕಮಲೆ ನ್ಗೋನಿ ಹಿಡಿಯುವ ಹುಡುಗರು ಎಂಟು, ಹತ್ತು, ಹನ್ನೆರಡು ತಂತಿ ಕಟ್ಟುತ್ತಾರೆ. ತಂತಿಯ ಸದ್ದು ಹಿಡಿಯುವ ಪಿಕಪ್ ಸಿಕ್ಕಿಸಿ ಆಂಪ್ಲಿಫೈಯರ್‌ಗೆ ಜೋಡಿಸುತ್ತಾರೆ. ಐದು ಸ್ವರ ಬಿಟ್ಟು ಏಳು ಸ್ವರಕ್ಕೂ ಶ್ರುತಿ ಮಾಡುತ್ತಾರೆ. ಹಾಗೆ ಮಾಡಿದರೆ ಜೆಲಿ ಹಾಡನ್ನೂ ಅದರಲ್ಲೇ ನುಡಿಸಬಹುದು.